ಲೂಯಿ ಬ್ರೈಲ್: ಗೆರೆಯನ್ನು ಬಿಟ್ಟು ಚುಕ್ಕೆಯನ್ನು ಹಿಡಿದವನು

ಕಳೆದ ರಜೆಯಲ್ಲಿ ಅಬ್ಬಿಗೇರಿಯ ನಮ್ಮ ಮನೆಯಲ್ಲಿ ಕುಳಿತು ನಾನು ಇತಿಹಾಸದ ಟಿಪ್ಪಣಿಯೊಂದನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿದೆನು. ಅಡ್ಡಗೆರೆ, ನಿಲುಗೆರೆ, ಮೂಲೆಗೆರೆಗಳ ಚಿಹ್ನೆಗಳನ್ನು ಜೋಡಿಸಿ ಅಂದವಾದ ಚೌಕಟ್ಟು ಹಾಕಿ, ಕಣ್ಣಿಲ್ಲದ ನನ್ನ ಸಹಪಾಠಿಗೆ ಕೊಟ್ಟೆನು. ಅವನ ಯಂತ್ರವು ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ವಿಷಯ ಬರುವ ಮೊದಲು ಗೆರೆಗಳ ಹೆಸರೇ ಸಾಲುಸಾಲಾಗಿ ಬಂದವು. ಅವನು ನಕ್ಕನು, ನಾನು ನಾಚಿದೆನು.

ಗಣಕವು ಇಂಥ ಗೆರೆಯನ್ನು ಗೆರೆಯಾಗಿ ಇಟ್ಟುಕೊಳ್ಳುವುದಿಲ್ಲ, ಅಂಕಿಯಾಗಿ ಇಟ್ಟುಕೊಳ್ಳುತ್ತದೆ. ೧೯೮೧ರ ಐಬಿಎಂ ಪಿಸಿಯ ಪಟ್ಟಿಯಲ್ಲಿ ೧೯೬ ಎಂದರೆ ಅಡ್ಡಗೆರೆ. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಇನ್ನೊಂದು ಪಟ್ಟಿಯಲ್ಲಿ ಅದೇ ೧೯೬, ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಒಂದು ಅಕ್ಷರ. ಆಕಾರ ಬೇರೆ, ಸಂಕೇತ ಬೇರೆ. ಗಣಕಗಳು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಈ ಭೇದವನ್ನು ಬೆರಳ ತುದಿಯಿಂದ ಅರಿತವನು ಲೂಯಿ ಬ್ರೈಲ್.

೧೮೦೯ನೆಯ ಇಸವಿ ಜನವರಿ ೪ರಂದು, ಪ್ಯಾರಿಸಿನ ಪೂರ್ವಕ್ಕಿರುವ ಕೂವ್ರೆ ಎಂಬ ಹಳ್ಳಿಯಲ್ಲಿ ಅವನು ಜನಿಸಿದನು. ತಂದೆ ಕುದುರೆಯ ಜೀನು ಹೊಲಿಯುವ ಕಸುಬಿನವನು. ಮೂರರ ವಯಸ್ಸಿನಲ್ಲಿ ಮಗು, ತೊಗಲಿಗೆ ತೂತು ಹಾಕುವ ಚೂಪಾದ ಹತಾರದೊಡನೆ ಆಡುತ್ತಿರಲು ಅದು ಕಣ್ಣಿಗೆ ಚುಚ್ಚಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷವಾಗುವಷ್ಟರಲ್ಲಿ ಅವನಿಗೆ ಲೋಕವೆಲ್ಲ ಕತ್ತಲೆಯಾಯಿತು.

೧೮೧೯ರಲ್ಲಿ ಅವನು ಪ್ಯಾರಿಸಿನ ಅಂಧಬಾಲಕರ ಶಾಲೆಯನ್ನು ಸೇರಿದನು. ಅಲ್ಲಿದ್ದವು ಶಾಲೆಯ ಸ್ಥಾಪಕ ವಲಾಂತೆ ಆವಿ ಬಳಕೆಗೆ ತಂದ ಉಬ್ಬಕ್ಷರದ ಪುಸ್ತಕಗಳು. ಕಣ್ಣುಳ್ಳವರ ಅಕ್ಷರದ ಗೆರೆಗಳನ್ನೇ ಕಾಗದದ ಮೇಲೆ ದೊಡ್ಡದಾಗಿ ಉಬ್ಬಿಸಿದ್ದರು. ಅವನ್ನು ತಡವಿ ಓದುವುದು ಬಹು ನಿಧಾನ; ಮಕ್ಕಳು ತಾವೇ ಹಾಗೆ ಬರೆಯುವುದಂತೂ ಆಗದ ಮಾತು. ೧೮೨೧ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬವನ ಚುಕ್ಕೆಬರಹ ಶಾಲೆಗೆ ಬಂದಿತು. ಅದರ ಒಂದು ಸಂಕೇತದಲ್ಲಿ ಹನ್ನೆರಡರವರೆಗೆ ಚುಕ್ಕೆಗಳು. ಬೆರಳ ತುದಿಗೆ ಒಮ್ಮೆಲೇ ನಿಲುಕವು. ಬ್ರೈಲನು ಹನ್ನೆರಡನ್ನು ಆರಕ್ಕಿಳಿಸಿದನು. ಆಗ, ೧೮೨೪ರಲ್ಲಿ, ಅವನಿಗೆ ೧೫ ವರ್ಷ. ಅಡ್ಡ ಎರಡು, ಉದ್ದ ಮೂರು; ಒಂದೊಂದು ಜಾಗದಲ್ಲಿಯೂ ಚುಕ್ಕೆ ಉಂಟು, ಇಲ್ಲವೆ ಇಲ್ಲ. ಹೀಗೆ ೬೪ ಬಗೆ. ಗಣಕದ ಒಂದು-ಸೊನ್ನೆಯ ಲೆಕ್ಕವೂ ಇದೇ ಅಲ್ಲವೆ?

೧೮೨೯ರಲ್ಲಿ ಅವನ ಪದ್ಧತಿ ಅಚ್ಚಾಯಿತು. ಆದರೆ ಕಣ್ಣಿಗೆ ಪರಿಚಿತವಾದ ಗೆರೆಯಿಲ್ಲದ ಬರಹ ಕಣ್ಣುಳ್ಳ ದೊಡ್ಡವರಿಗೆ ಹಿಡಿಸಲಿಲ್ಲ. ೧೮೪೦ರಲ್ಲಿ ಬಂದ ಹೊಸ ಮುಖ್ಯಸ್ಥನು ಅದನ್ನು ನಿಷೇಧಿಸಿದನು. ಹುಡುಗರು ಕದ್ದುಮುಚ್ಚಿ ಬರೆಯುತ್ತಲೇ ಇದ್ದರು. ಕಡೆಗೆ ೧೮೪೪ರಲ್ಲಿ ಶಾಲೆಯೇ ಅದನ್ನು ಒಪ್ಪಬೇಕಾಯಿತು.

ಬ್ರೈಲನ ದೊಡ್ಡತನ ನನಗೆ ಕಾಣುವುದು ಮತ್ತೊಂದು ಕೆಲಸದಲ್ಲಿ. ತನ್ನ ಬರಹವನ್ನು ಕಣ್ಣುಳ್ಳವರು ಅರಿಯಲಾರರೆಂದು ಅವನು ಸುಮ್ಮನಾಗಲಿಲ್ಲ. ಚುಕ್ಕೆಗಳನ್ನು ಒತ್ತಾಗಿ ಜೋಡಿಸಿ, ರೂಢಿಯ ಅಕ್ಷರದ ಗೆರೆಯನ್ನೇ ಮೂಡಿಸುವ ವಿಧಾನವನ್ನು ೧೮೩೯ರಲ್ಲಿ ಪ್ರಕಟಿಸಿದನು. ಅಂಧನಾದ ಮಗನು ಮನೆಯವರಿಗೆ ತಾನೇ ಪತ್ರ ಬರೆಯುವಂತಾಯಿತು. ಮುಂದೆ ಗಣಕದ ಪ್ರಿಂಟರುಗಳೂ ಚುಕ್ಕೆ ಕುಟ್ಟಿಯೇ ಅಕ್ಷರ ಮೂಡಿಸಿದವು.

ಕ್ಷಯರೋಗದಿಂದ ಬಹುಕಾಲ ನರಳಿ, ೧೮೫೨ರ ಜನವರಿ ೬ರಂದು, ೪೩ರ ವಯಸ್ಸಿನಲ್ಲಿ ಅವನು ತೀರಿಕೊಂಡನು. ಎರಡು ವರ್ಷದ ಮೇಲೆ ಫ್ರಾನ್ಸ್ ದೇಶ ಅವನ ಲಿಪಿಗೆ ಮನ್ನಣೆ ಕೊಟ್ಟಿತು. ೧೯೫೧ರಲ್ಲಿ ಭಾರತದ ಭಾಷೆಗಳೆಲ್ಲಕ್ಕೂ ಒಂದೇ ಆದ ಭಾರತೀ ಬ್ರೈಲ್ ನಿಶ್ಚಯವಾಯಿತು. ಒಂದನೆಯ ಮತ್ತು ಮೂರನೆಯ ಚುಕ್ಕೆಗಳು ಕನ್ನಡಕ್ಕೂ ಹಿಂದಿಗೂ ‘ಕ’ಕಾರವೇ. ಇಂದಿನ ಯೂನಿಕೋಡ್ ಪಟ್ಟಿಯಲ್ಲಿ ಚೌಕಟ್ಟಿನ ಗೆರೆಗಳಿಗೆ ೧೨೮ ಸ್ಥಾನಗಳಿವೆ. ಬ್ರೈಲಿಗೆ, ಎಂಟು ಚುಕ್ಕೆಯವರೆಗಿನ ಲೆಕ್ಕದಂತೆ, ೨೫೬. ಗೆರೆಯೂ ಚುಕ್ಕೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಬರಹ ಯಾರಿಗಾಗಿಯೋ ಅವರಿಗೆ ಮುಟ್ಟಬೇಕು. ಬ್ರೈಲನ ಬಾಳು ನನಗೆ ಕಲಿಸಿದ್ದು ಇಷ್ಟೇ. ನಾನು ಚೌಕಟ್ಟನ್ನು ತೆಗೆದು ಟಿಪ್ಪಣಿಯನ್ನು ಮತ್ತೆ ಬರೆದೆನು. ಈ ಸಲ ಗೆಳೆಯನ ಯಂತ್ರವು ಮೊದಲ ಸಾಲಿನಿಂದಲೇ ಪಾಠವನ್ನು ಓದಿತು.