ಫೋಲಿಕ್ ಆಸಿಡ್ ಮಾತ್ರೆಯ ಹಿಂದೆ ಒಬ್ಬ ಸುಬ್ಬರಾವ್

ಬಸುರಿಯಾದ ಕೂಡಲೇ ಡಾಕ್ಟರು ಬರೆದುಕೊಡುವ ಫೋಲಿಕ್ ಆಸಿಡ್ ಮಾತ್ರೆ ನಮಗೆಲ್ಲ ಗೊತ್ತು. ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ಗನ್ನವರಂನಿಂದ ಪೂರ್ವಕ್ಕಿರುವ ಭೀಮವರಂನವರು. ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು 1895ರ ಜನವರಿ 12ರಂದು.

ಹುಡುಗನಿಗೆ ಓದು ಹತ್ತಲಿಲ್ಲ. ಕಾಶಿಗೆ ಹೋಗಿ ಬಾಳೆಹಣ್ಣು ಮಾರುತ್ತೇನೆಂದು ಮನೆ ಬಿಟ್ಟವನನ್ನು ತಾಯಿ ವೆಂಕಮ್ಮ ಹಿಡಿದು ತಂದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟಿದ್ದು ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಸಿಕ್ಕಿತು. ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾದರು. ಮುಂದೆ ಆ ಕಾಯಿಲೆಗೆ ಮದ್ದಾಗಿದ್ದು ಇದೇ ಫೋಲಿಕ್ ಆಸಿಡ್.

1922ರಲ್ಲಿ ಮಾವನವರ ನೆರವಿನಿಂದ ಬೋಸ್ಟನ್‌ಗೆ ಹೊರಟರು. ಹಾರ್ವರ್ಡ್‌ನಲ್ಲಿ ಓದು, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಕೆಳಮಟ್ಟದ ಕೆಲಸ. ಫಿಸ್ಕ್ ಅವರೊಂದಿಗೆ ಜೀವಕೋಶದ ಶಕ್ತಿಮೂಲವಾದ ಎ.ಟಿ.ಪಿ.ಯನ್ನು ಗುರುತಿಸಿದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು.

ಕೋಶ ಎರಡಾಗುವ ಮೊದಲು ತನ್ನ ಡಿ.ಎನ್.ಎ.ಯನ್ನು ಪೂರ್ತಿ ನಕಲು ಮಾಡಬೇಕು. ನಮ್ಮ ಕೋಶಗಳಲ್ಲಿ ಆ ಕೆಲಸ ಸಾವಿರಾರು ಜಾಗಗಳಲ್ಲಿ ಶುರುವಾಗಿ, ಎದುರುಬದುರು ಬಂದ ನಕಲುಗಳು ಕೂಡಿದಲ್ಲಿ ಮುಗಿಯುತ್ತದೆ. ನಕಲಿಗೆ ಬೇಕಾದ ನಾಲ್ಕು ಅಕ್ಷರಗಳಲ್ಲಿ ಥೈಮಿನ್ ಒಂದು; ಅದನ್ನು ಹೊಸದಾಗಿ ತಯಾರಿಸಲು ಫೋಲಿಕ್ ಆಸಿಡ್ ಬೇಕೇ ಬೇಕು. ಇಲ್ಲದಿದ್ದರೆ ಕೆಲಸ ನಡುವೆಯೇ ನಿಲ್ಲುತ್ತದೆ, ನಮ್ಮ ಪ್ರೋಗ್ರಾಂ ಹ್ಯಾಂಗ್ ಆದ ಹಾಗೆ! ಬಸುರಿಯರ ಒಂದು ಬಗೆಯ ರಕ್ತಹೀನತೆಗೆ ಇದೇ ಕಾರಣ.

ಹಾಗಾದರೆ ರಕ್ತದ ಕ್ಯಾನ್ಸರಿನಲ್ಲಿ ಬೇಕೆಂದೇ ನಿಲ್ಲಿಸಿದರೆ? ಸುಬ್ಬರಾವ್ ತಂಡ ಫೋಲಿಕ್ ಆಸಿಡ್‌ನಂತೆಯೇ ಕಾಣುವ, ಆದರೆ ಅದರ ಕೆಲಸಕ್ಕೆ ಅಡ್ಡಗಾಲು ಹಾಕುವ ಅಮಿನೊಪ್ಟೆರಿನ್ ತಯಾರಿಸಿತು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು, ಕೆಲವು ತಿಂಗಳ ಮಟ್ಟಿಗೆ. ಅಲ್ಲಿಯವರೆಗೆ ಆ ಮಕ್ಕಳಿಗೆ ಅಷ್ಟೂ ಇರಲಿಲ್ಲ. ಇಂದಿಗೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಅದರ ತಂಗಿ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಪತ್ನಿ ಶೇಷಗಿರಿ. ಗಂಡ ಹಡಗು ಹತ್ತಿದ ಮೇಲೆ ಹುಟ್ಟಿದ ಮಗ ವರ್ಷ ತುಂಬುವ ಮೊದಲೇ ತೀರಿಕೊಂಡ. ತಂದೆ ಅವನ ಮುಖ ನೋಡಲೇ ಇಲ್ಲ. ಎಷ್ಟೋ ತಾಯಂದಿರ ಮಕ್ಕಳಿಗೆ ಔಷಧ ಹುಡುಕಿದವರು ಊರಿಗೆ ಮರಳಲಿಲ್ಲ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಅಮೆರಿಕದಲ್ಲೇ ನಿದ್ದೆಯಲ್ಲಿ ತೀರಿಕೊಂಡರು. ಶೇಷಗಿರಿಯವರು 26 ವರ್ಷ ಕಾದಿದ್ದರು.