ಬಾಲಗಂಧರ್ವರು ಮತ್ತು ಪುಣೆಯ ಪಾಲಿಕೆ ಕಟ್ಟಿದ ರಂಗಮಂದಿರ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯಿಂದ ಓದಲಿಕ್ಕೋ ಕೆಲಸಕ್ಕೋ ಪುಣೆಗೆ ಹೋದ ನಮ್ಮವರಿಗೆ ಜಂಗ್ಲಿ ಮಹಾರಾಜ ರಸ್ತೆಯ ಬಾಲಗಂಧರ್ವ ರಂಗಮಂದಿರ ಹೊಸದಲ್ಲ. ಅಲ್ಲಿಯ ಚೌಕಕ್ಕೂ ಅದೇ ಹೆಸರು. ದಿನಾ ಆ ಹೆಸರು ಹೇಳಿ ರಿಕ್ಷಾ ಹತ್ತುವವರಿಗೂ ಆ ಮನುಷ್ಯ ಯಾರು, ನಟನೊಬ್ಬನ ಹೆಸರಿನಲ್ಲಿ ನಗರಪಾಲಿಕೆಯೊಂದು ಜನರ ತೆರಿಗೆ ಹಣ ಹಾಕಿ ನಾಟಕಗೃಹ ಕಟ್ಟಿದ್ದು ಹೇಗೆ ಎಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಆ ಕತೆಯಲ್ಲಿ ನಮ್ಮ ಕನ್ನಡದ ಪಾಲೂ ಇದೆ.

ಅವರ ಮೂಲ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888ರ ಜೂನ್ 26ರಂದು. ಹತ್ತು ವರ್ಷದ ಹುಡುಗನಿದ್ದಾಗ ಲೋಕಮಾನ್ಯ ತಿಲಕರ ಮುಂದೆ ಹಾಡಿದಾಗ ಅವರೇ ಬಾಲಗಂಧರ್ವ ಎಂದು ಕರೆದರೆಂದೂ ಮುಂದೆ ಅದೇ ಹೆಸರು ನಿಂತಿತೆಂದೂ ಪ್ರತೀತಿ. ಸಂಗೀತ ಕಲಿತದ್ದು ಭಾಸ್ಕರಬುವಾ ಬಖಲೆಯವರಲ್ಲಿ. ಈ ಬುವಾ ಕೆಲವು ವರ್ಷ ಧಾರವಾಡದಲ್ಲಿ ಸಂಗೀತದ ಮಾಸ್ತರರಾಗಿದ್ದವರು. ಹುಡುಗನ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಮಿರಜಿನಲ್ಲಿ ಔಷಧೋಪಚಾರ ಮಾಡಿಸಿ, ಕಿರ್ಲೋಸ್ಕರ ನಾಟಕ ಮಂಡಳಿಗೆ ಸೇರಿಸಿದರು. 1905ರಲ್ಲಿ ಅದೇ ಮಿರಜಿನ ರಂಗದ ಮೇಲೆ ಅವರು ಶಕುಂತಲೆಯಾಗಿ ನಿಂತರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯೋಣ. ಆ ಕಂಪನಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರಿಗೂ ಮೊದಲು, 1843ರಲ್ಲಿ, ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕ ಆಡಿಸಿದ್ದು, ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳದ ಆಟ ನೋಡಿದ ಮೇಲೆ. ಆಮೇಲೆ ಗಾಳಿ ತಿರುಗಿತು. ಮರಾಠಿ ಕಂಪನಿಗಳು ಹುಬ್ಬಳ್ಳಿ ಧಾರವಾಡಗಳನ್ನು ಹಾಡಿನಿಂದ ಗೆದ್ದುಬಿಟ್ಟವು. ಅದನ್ನು ನೋಡಲಾರದೆ ಶಾಂತಕವಿಗಳು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದರು. ಎರಡೂ ಭಾಷೆಯ ರಂಗಭೂಮಿ ಒಂದರಿಂದೊಂದು ಕಲಿತವು, ಒಂದಕ್ಕೊಂದು ಸಡ್ಡು ಹೊಡೆದವು. ಗಡಿಯಲ್ಲಿರುವ ನಮಗೆ ಇದು ಹೊಸ ಮಾತೇನೂ ಅಲ್ಲ.

ಹೆಂಗಸರು ರಂಗಕ್ಕೆ ಬರದಿದ್ದ ಆ ಕಾಲದಲ್ಲಿ ಬಾಲಗಂಧರ್ವರು ಸ್ತ್ರೀಪಾತ್ರಗಳಿಗೇ ಮೀಸಲಾದರು. 1911ರ ಮಾರ್ಚ್ 12ರಂದು ‘ಮಾನಾಪಮಾನ’ದ ಮೊದಲ ಪ್ರಯೋಗ. ಅದೇ ದಿನ ಮನೆಯಲ್ಲಿ ಅವರ ಪುಟ್ಟ ಮಗಳು ತೀರಿಕೊಂಡಳು. ಟಿಕೇಟು ಮಾರಿಯಾಗಿತ್ತು; ಅವರು ಬಣ್ಣ ಹಚ್ಚಿಕೊಂಡು ಭಾಮಿನಿಯ ಪಾತ್ರ ಮಾಡಿದರು. ಮುಂದೆ 1913ರಲ್ಲಿ ಗಣಪತರಾವ್ ಬೋಡಸ್, ಗೋವಿಂದರಾವ್ ಟೆಂಬೆ ಇವರೊಡನೆ ಸೇರಿ ಗಂಧರ್ವ ನಾಟಕ ಮಂಡಳಿ ಸ್ಥಾಪಿಸಿದರು. ‘ಸ್ವಯಂವರ’ದ ರುಕ್ಮಿಣಿ, ‘ಏಕಚ್ ಪ್ಯಾಲಾ’ದ ಸಿಂಧು ಮನೆಮಾತಾದರು. ಅವರು ಉಟ್ಟಂಥ ಸೀರೆ, ತೊಟ್ಟಂಥ ಒಡವೆ ದೊಡ್ಡ ಮನೆಗಳ ಹೆಣ್ಣುಮಕ್ಕಳಿಗೂ ಬೇಕಾಯಿತು. ಆ ಶೃಂಗಾರದ ನಟನೇ ಕುಡುಕನ ಹೆಂಡತಿ ಸಿಂಧುವಾಗಿ ಹರಿದ ಸೀರೆಯುಟ್ಟು ಬಂದಾಗ ಜನ ಅತ್ತರು.

ಹಣದ ವಿಷಯದಲ್ಲಿ ಮಾತ್ರ ಅವರಿಗೆ ಲೆಕ್ಕವೇ ತಿಳಿಯಲಿಲ್ಲ. ರಂಗದ ಮೇಲೆ ಎಲ್ಲವೂ ಅಸಲಿಯೇ ಬೇಕು: ಜರಿ, ಮಖಮಲ್ಲು, ಅತ್ತರು. ಪಕ್ಕವಾದ್ಯಕ್ಕೂ ಸಾಧಾರಣದವರು ಆಗದು. ಅಹಮದ್‌ಜಾನ್ ತಿರಕವಾರಂಥ ತಬಲಾವಾದಕರು ಆ ಮಂಡಳಿಯಲ್ಲಿದ್ದರು. ಬಡೋದೆಯ ಸಯಾಜಿರಾವ್ ಗಾಯಕವಾಡರ ಆಶ್ರಯವಿದ್ದರೂ ಇಪ್ಪತ್ತರ ದಶಕದಲ್ಲಿ ಕಂಪನಿ ದೊಡ್ಡ ಸಾಲದಲ್ಲಿ ಮುಳುಗಿತ್ತು. ದಿವಾಳಿ ತೆಗೆದು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ವರ್ಷಗಟ್ಟಲೆ ಹಾಡಿ ಹಾಡಿ ತೀರಿಸಿದರು. ಇದನ್ನು ಅವರ ಭೋಳೇತನ ಎನ್ನುವವರುಂಟು. ನನಗದು ಅವರ ದೊಡ್ಡತನವೆಂದೇ ತೋರುತ್ತದೆ.

ಆದರೆ ಕಾಲ ಕಾಯಲಿಲ್ಲ. ಟಾಕಿ ಬಂತು. ನಾಟಕ ಆಡುತ್ತಿದ್ದ ಥಿಯೇಟರುಗಳು ಒಂದೊಂದಾಗಿ ಸಿನಿಮಾಗೃಹಗಳಾದವು. ಕಂಪನಿಗಳಿಗೆ ಪ್ರೇಕ್ಷಕರಷ್ಟೇ ಅಲ್ಲ, ಆಡುವ ಜಾಗವೇ ಇಲ್ಲದಾಯಿತು. ಬಾಲಗಂಧರ್ವರು ಮಂಡಳಿ ನಿಲ್ಲಿಸಿ 1935ರಲ್ಲಿ ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರ ಪಾತ್ರ ಮಾಡಿದರು. ಕ್ಯಾಮೆರಾದ ಮುಂದೆ ತುಂಡುತುಂಡಾಗಿ ನಟಿಸುವುದು ಒಗ್ಗಲಿಲ್ಲ, ಮತ್ತೆ ನಾಟಕಕ್ಕೇ ಬಂದರು. ಆ ಹೊತ್ತಿಗೆ ಜೊತೆಯಾದವರು ವಿಜಾಪುರ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಸಿನಿಮಾದ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸೋದರಿ. ಬಾಲಗಂಧರ್ವರ ಗಾಯಕಿಯನ್ನು ಕೇಳಿ ಕೇಳಿ ಮೈಗೂಡಿಸಿಕೊಂಡಿದ್ದ ಈ ಕನ್ನಡದ ಹೆಣ್ಣುಮಗಳು, ಅವರು ಮಾಡುತ್ತಿದ್ದ ಸ್ತ್ರೀಪಾತ್ರಗಳನ್ನು ತಾನು ವಹಿಸಿಕೊಂಡಳು. ಅಭಿಮಾನಿಗಳಲ್ಲಿ ಹಲವರಿಗೆ ಈ ಸಂಬಂಧ ಹಿಡಿಸಲಿಲ್ಲ. ಕೈ ಬರಿದಾಗಿ, ಕಾಲಿನ ಬಲ ಹೋದ ಮೇಲೂ ನಟನ ಬಳಿ ಉಳಿದವಳು ಅವಳೇ ಎಂಬುದನ್ನು ಅವರು ನೆನೆಯಬೇಕಿತ್ತು. ಅವರಿಗಿಂತ ಮುಂಚೆ ಆಕೆಯೇ ಕಣ್ಮುಚ್ಚಿದಳು.

ಗೌರವಗಳು ಬಂದವು: 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ. ಅಷ್ಟರಲ್ಲಿ ಅರಮನೆಗಳ ಕಾಲ ಮುಗಿದಿತ್ತು. ಶಾಹೂ ಮಹಾರಾಜರು 1915ರಲ್ಲಿ ಕೊಲ್ಲಾಪುರದಲ್ಲಿ ಕಟ್ಟಿಸಿದಂಥ ಪ್ಯಾಲೇಸ್ ಥಿಯೇಟರನ್ನು ಇನ್ನು ಯಾರು ಕಟ್ಟಬೇಕು? ಆ ಹೊಣೆ ಊರಿನ ಪಾಲಿಕೆಗಳ ಮೇಲೆ ಬಂತು. ನೀರು, ಚರಂಡಿ, ದೀಪ ಇವು ಪಾಲಿಕೆಗೆ ಕಡ್ಡಾಯದ ಕೆಲಸ. ನಾಟಕಗೃಹ ಮನಸ್ಸಿದ್ದರೆ ಮಾಡುವ ಕೆಲಸ. ಪುಣೆಯವರು ಮನಸ್ಸು ಮಾಡಿದ ಹೊತ್ತು ನೋಡಿ. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಮುಠಾ ನದಿ ಊರನ್ನೇ ನುಗ್ಗಾಗಿಸಿತ್ತು. ಅದಾದ ಹದಿನೈದು ತಿಂಗಳಿಗೆ, 1962ರ ಅಕ್ಟೋಬರ್ 8ರಂದು, ಅದೇ ನದಿಯ ಮಗ್ಗುಲಲ್ಲಿ ರಂಗಮಂದಿರಕ್ಕೆ ಅಡಿಗಲ್ಲು ಬಿತ್ತು. ಕಲ್ಲು ಇಟ್ಟವರು ಮಂತ್ರಿಯಲ್ಲ, ಎಪ್ಪತ್ನಾಲ್ಕು ವರ್ಷದ ಬಾಲಗಂಧರ್ವರೇ. ಬದುಕಿರುವಾಗಲೇ ತನ್ನ ಹೆಸರಿನ ಕಟ್ಟಡಕ್ಕೆ ಕಲ್ಲಿಡುವ ಯೋಗ ಎಷ್ಟು ಕಲಾವಿದರಿಗೆ ಬಂದೀತು!

ಯೋಜನೆಗೆ ಸಲಹೆ ಕೊಟ್ಟವರು ಪು. ಲ. ದೇಶಪಾಂಡೆ. ರಂಗದ ಒಳಹೊರಗು ಬಲ್ಲವರನ್ನು ಪಾಲಿಕೆ ಕೇಳಿದ್ದೇ ದೊಡ್ಡದು. ಎಷ್ಟೋ ಊರಿನಲ್ಲಿ ಸಭಾಭವನ ಕಟ್ಟಿ ಮುಗಿದ ಮೇಲೆ ಬಣ್ಣದ ಕೋಣೆ ಎಲ್ಲಿ ಎಂದು ಹುಡುಕುತ್ತಾರೆ. ಇಲ್ಲಿ ಸಾವಿರಕ್ಕೆ ಹತ್ತಿರದ ಆಸನಗಳು, ಪಕ್ಕಕ್ಕೇ ಚಿತ್ರಕಲಾ ಪ್ರದರ್ಶನದ ಸಭಾಂಗಣ. ಕಟ್ಟಡ ಏಳಲು ಆರು ವರ್ಷ ಹಿಡಿಯಿತು. 1967ರ ಜುಲೈ 15ರಂದು ಬಾಲಗಂಧರ್ವರು ತೀರಿಕೊಂಡರು. ಮಾರನೆಯ ವರ್ಷ ಜೂನ್ 26ರಂದು, ಅವರ ಹುಟ್ಟುಹಬ್ಬದ ದಿನ, ಯಶವಂತರಾವ್ ಚವಾಣರು ರಂಗಮಂದಿರವನ್ನು ಉದ್ಘಾಟಿಸಿದರು.

ನಟನ ಕೈಗೆ ಹಣ ಬಂದಿದ್ದರೆ ಅದು ಒಂದು ಸೀಸೆ ಅತ್ತರಿನಂತೆ ಆರಿಹೋಗುತ್ತಿತ್ತೇನೋ. ಪಾಲಿಕೆ ಕೊಟ್ಟದ್ದು ಜಾಗ: ಇಂತಿಷ್ಟು ಬಾಡಿಗೆ, ಇಂಥ ತಾರೀಖು, ದೊಡ್ಡ ಕಂಪನಿಗೂ ಹವ್ಯಾಸಿ ತಂಡಕ್ಕೂ. ಸಂಗೀತ ನಾಟಕ, ಲಾವಣಿ, ಆರ್ಕೆಸ್ಟ್ರಾ ಎಲ್ಲಕ್ಕೂ ಅದೇ ವೇದಿಕೆ. ಬಾಲಗಂಧರ್ವರ ಕಂಪನಿ ಸೊರಗಿದ್ದು ಇಂಥದೊಂದು ಜಾಗವಿಲ್ಲದೆಯೇ. ನಮ್ಮ ಸೊಲ್ಲಾಪುರದ ಹುತಾತ್ಮಾ ಸ್ಮೃತಿ ಮಂದಿರವೂ ಪಾಲಿಕೆಯದೇ. ಕನ್ನಡ ನಾಟಕಕ್ಕೆ ಜಾಗ ಬೇಕೆಂದಾಗ ನಾವೂ ಹೋಗಿ ಅರ್ಜಿ ಕೊಡಬೇಕಾದ ಬಾಗಿಲು ಪಾಲಿಕೆಯದೇ. ತೆರಿಗೆ ನಾವೂ ಕಟ್ಟುತ್ತೇವೆ.

ಕಟ್ಟಿದರೆ ಮುಗಿಯಲಿಲ್ಲ, ಕಾಯಬೇಕು. ಮೇಲೆ ಹೇಳಿದ ಕೊಲ್ಲಾಪುರದ ನಾಟಕಗೃಹ ಮುಂದೆ ಕೇಶವರಾವ್ ಭೋಸಲೆಯವರ ಹೆಸರಿನಲ್ಲಿ ಅಲ್ಲಿಯ ಪಾಲಿಕೆಯ ಕೈಯಲ್ಲಿತ್ತು. 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಸಿಕ್ಕಿತು. ಪುಣೆಯಲ್ಲಿ 2018ರಲ್ಲಿ ಪಾಲಿಕೆಯೇ ಹಳೆಯ ರಂಗಮಂದಿರ ಕೆಡವಿ ದೊಡ್ಡ ಸಂಕೀರ್ಣ ಕಟ್ಟುವ ಮಾತೆತ್ತಿತು. ಹೊಸದಾಗಲಿ ಎಂದವರೂ ಇದ್ದರು, ಇದನ್ನು ಮುಟ್ಟಬೇಡಿ ಎಂದು ಬೀದಿಗಿಳಿದ ಕಲಾವಿದರೂ ಇದ್ದರು.

ಪುಣೆಗೆ ಹೋದಾಗ ನಾಟಕದ ಟಿಕೇಟು ಸಿಗದಿದ್ದರೂ ಒಳಗಿನ ಪಡಸಾಲೆಯವರೆಗೆ ಹೋಗಿ ಬನ್ನಿ. ಗೋಪಾಳ ದೇವುಸ್ಕರರು ಬರೆದ ಎರಡು ದೊಡ್ಡ ವರ್ಣಚಿತ್ರಗಳಿವೆ. ಒಂದರಲ್ಲಿ ಬಾಲಗಂಧರ್ವರು ಗಂಡು ವೇಷದಲ್ಲಿದ್ದಾರೆ, ಇನ್ನೊಂದರಲ್ಲಿ ಸೀರೆಯುಟ್ಟು ನಿಂತಿದ್ದಾರೆ.