ಸೇಮೂರ್ ಕ್ರೇ: ಒಲೆಯ ಬಳಿ ಗಡಿಗೆ ಇಡದವನು

ಕೃಷ್ಣೆಯ ದಡದ ನಮ್ಮ ತಂಗಡಗಿಯಲ್ಲಿ ಹಿಂದೆ ವರುಷದ ಜೋಳವೆಲ್ಲ ಹಗೇವಿನಲ್ಲಿರುತ್ತಿತ್ತು. ಅಂದಂದಿಗೆ ಬೇಕಾದಷ್ಟು ಮಾತ್ರ ಒಲೆಯ ಬಳಿಯ ಗಡಿಗೆಯಲ್ಲಿ. ಸೇರು ಜೋಳಕ್ಕೊಮ್ಮೆ ಹಗೇವು ತೆರೆಯುವ ಮನೆಯಲ್ಲಿ ರೊಟ್ಟಿ ಬೇಯುವುದೆಂದು? ಗಣಕಯಂತ್ರದಲ್ಲಿಯೂ ಸ್ಮೃತಿಭಂಡಾರವು ಹಗೇವಿನಂತೆ ದೂರ. ಲೆಕ್ಕ ಮಾಡುವ ಪ್ರೊಸೆಸರಿನ ಮಗ್ಗುಲಲ್ಲಿರುವ ಗಡಿಗೆಗೆ ಕ್ಯಾಶ್ ಎಂದು ಹೆಸರು.

ಗಣಕಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ನನಗಿದನ್ನು ಅಳೆದೇ ತೋರಿಸಿದರು. ದೊಡ್ಡದೊಂದು ಅಂಕಿಪಟ್ಟಿಯನ್ನು ಮೊದಲು ಅಡ್ಡಸಾಲಿನಲ್ಲಿ, ಬಳಿಕ ಉದ್ದಸಾಲಿನಲ್ಲಿ ಕೂಡಿಸಿದರು. ಮೊತ್ತವೊಂದೇ, ಕಾಲ ಮಾತ್ರ ಎರಡನೆಯ ಸಲ ಹಲವು ಪಟ್ಟು! ಅಂಕಿಗಳು ಭಂಡಾರದಲ್ಲಿ ಅಡ್ಡಸಾಲಾಗಿ ಕುಳಿತಿರುತ್ತವೆ. ಒಂದನ್ನು ತರುವಾಗ ನೆರೆಯವೂ ಗಡಿಗೆಗೆ ಬರುತ್ತವೆ. ಉದ್ದಕ್ಕೆ ನಡೆದರೆ ಅವು ಉಪಯೋಗಕ್ಕೆ ಬರುವ ಮುನ್ನವೇ ಹೊರಬೀಳುತ್ತವೆ.

ಅಂಕಿಗಳಿಗೆ ಇಂಥ ಗಡಿಗೆಯೇ ಬೇಡವೆಂದ ಧೀರನೊಬ್ಬನಿದ್ದನು. ಸೇಮೂರ್ ಕ್ರೇ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಚಿಪ್ಪೆವಾ ಫಾಲ್ಸ್ ಎಂಬ ಊರಿನಲ್ಲಿ 1925ರ ಸೆಪ್ಟೆಂಬರ್ 28ರಂದು ಜನಿಸಿದನು. ಯುದ್ಧಕಾಲದಲ್ಲಿ ಸೈನ್ಯದ ರೇಡಿಯೋ ಕೆಲಸ, ಅನಂತರ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಪದವಿಗಳು. 1964ರಲ್ಲಿ ಆತನ ಸಿಡಿಸಿ 6600 ಯಂತ್ರವು ಜಗತ್ತಿನಲ್ಲೇ ವೇಗದ್ದೆನಿಸಿತು. ಅದನ್ನು ಕಟ್ಟಿದವರು, ಕಸ ಗುಡಿಸುವವನೂ ಸೇರಿ, 34 ಮಂದಿ ಎಂಬ ಸುದ್ದಿ ಐಬಿಎಂನ ಹಿರಿಯರನ್ನು ಕಂಗೆಡಿಸಿತು.

1968ರಲ್ಲಿ ಐಬಿಎಂ ಪ್ರಕಟಿಸಿದ 360/85 ಯಂತ್ರದಲ್ಲಿ ಕ್ಯಾಶ್ ಇದ್ದಿತು. ಆದರೂ 1976ರ ತನ್ನ ಕ್ರೇ-1ರಲ್ಲಿ ಈತನು ದತ್ತಾಂಶಕ್ಕೆ ಅದನ್ನಿಡಲಿಲ್ಲ. ಏಕೆ? ಗಡಿಗೆಯಲ್ಲಿ ಬೇಕಾದದ್ದು ಇದ್ದೀತು, ಇಲ್ಲದಿದ್ದೀತು. ಆ ಅನಿಶ್ಚಯವು ಆತನಿಗೆ ಒಗ್ಗದು. ಬದಲಾಗಿ ಹಗೇವನ್ನೇ 16 ಭಾಗ ಮಾಡಿ, ಒಂದು ಕೊಟ್ಟು ವಿರಮಿಸುವಾಗ ಇನ್ನೊಂದು ಕೊಡುವಂತೆ ಏರ್ಪಡಿಸಿದನು. 64 ಅಂಕಿಗಳ ಸಾಲೊಂದನ್ನು ಹಿಡಿಯುವ ಎಂಟು ರಿಜಿಸ್ಟರುಗಳಿಗೆ ಅಂಕಿಗಳು ಒಂದೇ ಧಾರೆಯಾಗಿ ಹರಿದುಬರುತ್ತಿದ್ದವು. ದಾರಿ ಮೊಟಕಾಗಲೆಂದು ಯಂತ್ರವನ್ನು ಬಳೆಯಂತೆ ಬಗ್ಗಿಸಿ, ಯಾವ ತಂತಿಯೂ ನಾಲ್ಕು ಅಡಿ ಮೀರದಂತೆ ನೋಡಿಕೊಂಡನು. ಈ ಹಟ ನನಗೆ ಬಲು ಪ್ರಿಯ. ಆದರೆ ಅಳೆಗೋಲಿಗೆ ದಾಕ್ಷಿಣ್ಯವಿಲ್ಲ. ಹದಿನಾರು ಹದಿನಾರು ಮನೆ ಹಾರಿ ಅಂಕಿ ಕೇಳಿದರೆ ಪ್ರತಿ ಸಲವೂ ಒಂದೇ ಭಾಗದ ಬಾಗಿಲು. ಅದರ ವಿಶ್ರಾಂತಿ ನಾಲ್ಕು ಗಡಿಯಾರ-ಮಿಡಿತ. ಧಾರೆಯು ಕಾಲುಪಾಲಿಗೆ ಇಳಿಯುತ್ತಿತ್ತು.

ಕಾಲವೂ ತಿರುಗಿತು. ಅಗ್ಗದ ಪುಟ್ಟ ಪ್ರೊಸೆಸರುಗಳು, ಒಂದೊಂದರ ಬಗಲಲ್ಲೂ ಗಡಿಗೆಯಿಟ್ಟುಕೊಂಡು, ಗುಂಪುಗುಂಪಾಗಿ ಬಂದವು. ಆತನು ಕೊನೆಗೆ ಕಟ್ಟಿದ ಕಂಪನಿ 1995ರಲ್ಲಿ ದಿವಾಳಿಯಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಮತ್ತೊಂದು ಕಂಪನಿಯನ್ನು ಆರಂಭಿಸಿದ್ದನು. 1996ರ ಸೆಪ್ಟೆಂಬರಿನಲ್ಲಿ ಕೊಲೊರಾಡೊದಲ್ಲಿ ಕಾರು ಅಪಘಾತವಾಗಿ, ಅಕ್ಟೋಬರ್ 5ರಂದು ತೀರಿಕೊಂಡನು.

2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ಸಹಸ್ರ-ಟಿ ಮಹಾಗಣಕದ ಮೇಲೆ ಕ್ರೇ ಎಂಬ ಹೆಸರಿದ್ದಿತು. ಅದರ ಒಂದೊಂದು ಪ್ರೊಸೆಸರಿನೊಳಗೂ ಗಡಿಗೆಯ ಮೇಲೆ ಗಡಿಗೆ, ಕ್ಯಾಶಿನ ಮೂರು ಅಡಕಲು.